ಆಕ್ಸೆಸ್ ಬಿಟ್ಟ ಮೇಲೆ ಯಾವುದು? ಲಿನಕ್ಸ್ ಡೆಸ್ಕ್‌ಟಾಪ್‌ಗೆ ಡೇಟಾಬೇಸ್ ಸಾಧನ ಆರಿಸುವವರಿಗೆ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಚಿಪ್ ಇಲ್ಲದ ಹಳೆಯ ಕಂಪ್ಯೂಟರ್‌ಗಳು ಬೆಂಗಳೂರಿನ ಸಣ್ಣ ಕಚೇರಿಗಳಲ್ಲಿ, ಅದರಲ್ಲೂ ಎಸ್.ಪಿ. ರಸ್ತೆಯಿಂದ ಸೆಕೆಂಡ್ ಹ್ಯಾಂಡ್ ತಂದು ನಡೆಸುತ್ತಿರುವ ಕಡೆಗಳಲ್ಲಿ, ಬೇಕಾದಷ್ಟಿವೆ. ಅವುಗಳಲ್ಲಿ ಲಿನಕ್ಸ್‌ನ ಬಗೆಗಳಾದ ಉಬುಂಟುವನ್ನೋ ಡೆಬಿಯನ್ನನ್ನೋ ಹಾಕಿದರೆ ಪತ್ರವ್ಯವಹಾರಕ್ಕೆ, ಲೆಕ್ಕದ ಹಾಳೆಗೆ, ಇಮೇಲಿಗೆ ಯಾವ ತೊಡಕೂ ಬರುವುದಿಲ್ಲ. ತೊಡಕು ಬರುವುದು ಹದಿನೈದು ವರ್ಷಗಳ ಹಿಂದೆ ಯಾರೋ ಕಟ್ಟಿಕೊಟ್ಟು ಹೋದ ಒಂದು ಎಂಡಿಬಿ ಕಡತದಲ್ಲಿ. ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಮಾಡಿದ ಆ ಕಡತದೊಳಗೆ ಇಡೀ ಕಚೇರಿಯ ವ್ಯವಹಾರವೇ ಇರುತ್ತದೆ, ಮತ್ತು ಆಕ್ಸೆಸ್ ವಿಂಡೋಸ್ ಬಿಟ್ಟು ಬೇರೆ ಕಡೆ ಓಡುವುದಿಲ್ಲ.

1992ರಲ್ಲಿ ಬಂದ ಆಕ್ಸೆಸ್ ಮಾಡಿದ ಕೆಲಸ ಸಣ್ಣದಲ್ಲ. ಅದಕ್ಕೂ ಮೊದಲು ಡಿಬೇಸ್, ಕ್ಲಿಪ್ಪರ್, ಫಾಕ್ಸ್‌ಪ್ರೊಗಳಲ್ಲಿ ಪ್ರೋಗ್ರಾಂ ಬರೆಯಬಲ್ಲವರು ಮಾಡುತ್ತಿದ್ದುದನ್ನು, ಅಂದರೆ ಟೇಬಲ್, ನಮೂದಿಸುವ ಫಾರ್ಮ್, ಬೇಕಾದ ಮಾಹಿತಿಯನ್ನು ಕೇಳಿ ತೆಗೆಯುವ ಕ್ವೆರಿ ಮತ್ತು ಮುದ್ರಿಸುವ ರಿಪೋರ್ಟ್ ನಾಲ್ಕನ್ನೂ ಒಂದೇ ಕಿಟಕಿಯೊಳಗೆ ಕೂಡಿಸುವುದನ್ನು, ಅದು ಗುಮಾಸ್ತರ ಕೈಗೂ ಎಟುಕುವಂತೆ ಮಾಡಿತು. ಮುಕ್ತ ತಂತ್ರಾಂಶದ ಜಗತ್ತಿನಲ್ಲಿ ಡೇಟಾಬೇಸ್‌ಗೆ ಕೊರತೆಯೇನೂ ಇಲ್ಲ. ಪೋಸ್ಟ್‌ಗ್ರೆಸ್, ಮರಿಯಾಡಿಬಿ ಮತ್ತು ಎಸ್‌ಕ್ಯೂಲೈಟ್ ಈ ಮೂರರ ಮುಂದೆ ಆಕ್ಸೆಸ್‌ನ 2 ಜಿಬಿ ಮಿತಿಯ ಎಂಜಿನ್ ಏನೇನೂ ಅಲ್ಲ. ಕೊರತೆ ಇರುವುದು ಅದರ ಮೇಲಿನ ಪದರದಲ್ಲಿ: ಅಡಿಪಾಯ ಕಲ್ಲಿನದು, ಬಾಗಿಲು ಕಿಟಕಿಗಳನ್ನು ನಾವೇ ಕೂರಿಸಿಕೊಳ್ಳಬೇಕು.

ಇದಕ್ಕೆ ಕಾರಣವನ್ನು ಹುಡುಕಲು ದೂರ ಹೋಗಬೇಕಿಲ್ಲ. ಮುಕ್ತ ತಂತ್ರಾಂಶ ಬರೆಯುವವರು ಬಹುಪಾಲು ತಮಗೆ ಬೇಕಾದುದನ್ನು ಬರೆಯುತ್ತಾರೆ. ಡೇಟಾಬೇಸ್‌ನೊಡನೆ ಮಾತಾಡುವ ಭಾಷೆಯಾದ ಎಸ್‌ಕ್ಯೂಎಲ್ ಬಲ್ಲವರಿಗೆ ಎಳೆದು ಬಿಡುವ ಫಾರ್ಮ್ ವಿನ್ಯಾಸಕ ಬೇಕಿಲ್ಲ, ಬೇಕಿರುವ ಅಂಗಡಿಯವರಿಗೆ ಅದನ್ನು ಬರೆಯಲು ಬರುವುದಿಲ್ಲ. 2000ದ ದಶಕದಲ್ಲಿ ಎಲ್ಲರ ಗಮನ ವೆಬ್‌ನತ್ತ ಹೊರಳಿತು. ಗ್ನೋಮ್ ಡೆಸ್ಕ್‌ಟಾಪ್‌ಗೆಂದು ಬಂದ, ಪೋಸ್ಟ್‌ಗ್ರೆಸ್ ಮೇಲೆ ನಿಂತಿದ್ದ ಗ್ಲೋಮ್ ಎಂಬ ಒಳ್ಳೆಯ ಪ್ರಯತ್ನ ಬೆಳವಣಿಗೆ ನಿಂತು ಮರೆಯಾಯಿತು. ರಿಪೋರ್ಟ್ ವಿನ್ಯಾಸಕ ಬರೆಯುವುದು ಬೇಸರದ, ಹೆಸರು ತರದ, ಮುಗಿಯದ ಕೆಲಸ. ಅದನ್ನು ಹಬ್ಬದ ಉತ್ಸಾಹದಲ್ಲಿ ಯಾರೂ ಮಾಡುವುದಿಲ್ಲ.

ಹೋಲಿಕೆಗೆ ಒಂದು ಉದಾಹರಣೆ

ಸಾಧನಗಳನ್ನು ಗುಣಪಟ್ಟಿಯಿಂದ ಹೋಲಿಸಿದರೆ ಎಲ್ಲವೂ ಒಂದೇ ತರಹ ಕಾಣುತ್ತವೆ. ಆದ್ದರಿಂದ ಪೀಣ್ಯದ ಒಂದು ಸಣ್ಣ ಮೆಷಿನ್ ಶಾಪ್‌ನ ಜಾಬ್ ವರ್ಕ್ ಲೆಕ್ಕವನ್ನು, ಅಂದರೆ ಬೇರೆಯವರ ಸಾಮಗ್ರಿಯ ಮೇಲೆ ಕೂಲಿಗೆ ಮಾಡಿಕೊಡುವ ಕೆಲಸದ ಲೆಕ್ಕವನ್ನು, ಊಹಿಸಿಕೊಳ್ಳೋಣ. ಗ್ರಾಹಕರೊಬ್ಬರು ಒಂದು ಡಿಸಿಯಲ್ಲಿ, ಅಂದರೆ ಸಾಮಗ್ರಿಯ ಜೊತೆ ಬರುವ ಡೆಲಿವರಿ ಚಲನ್‌ನಲ್ಲಿ, 500 ಕ್ಯಾಸ್ಟಿಂಗ್ ಕಳಿಸುತ್ತಾರೆ. ಟರ್ನಿಂಗ್, ಡ್ರಿಲ್ಲಿಂಗ್ ಮುಗಿದಂತೆ ಮೊದಲು 180, ಆಮೇಲೆ 200 ಪೀಸ್ ಹಿಂತಿರುಗುತ್ತವೆ, 12 ರಿಜೆಕ್ಷನ್ ಆಗುತ್ತವೆ, ಬಾಕಿ 108. ಜಿಎಸ್‌ಟಿ ಕಾಯ್ದೆಯ 143ನೇ ಸೆಕ್ಷನ್ ಪ್ರಕಾರ ಜಾಬ್ ವರ್ಕ್‌ಗೆ ಕಳಿಸಿದ ಸಾಮಗ್ರಿ ಒಂದು ವರ್ಷದೊಳಗೆ ಹಿಂತಿರುಗಬೇಕಾದ ಕಾರಣ, ಆ ಗ್ರಾಹಕರ ಅಕೌಂಟ್ಸ್ ವಿಭಾಗದಿಂದ ಫೋನ್ ಬಂದೇ ಬರುತ್ತದೆ: ‘ಯಾವ ಡಿಸಿಯಲ್ಲಿ ಎಷ್ಟು ಬಾಕಿ ಇದೆ ಸರ್, ಇವತ್ತೇ ಪಟ್ಟಿ ಕಳಿಸಿ.’ ಹಣದ ಲೆಕ್ಕಕ್ಕೆ ಟ್ಯಾಲಿ ಇರಬಹುದು, ಆದರೆ ಈ ಪೀಸ್ ಲೆಕ್ಕ ಬಹಳ ಕಡೆ ಎಕ್ಸೆಲ್‌ನಲ್ಲೋ ಆಕ್ಸೆಸ್‌ನಲ್ಲೋ ನಡೆಯುತ್ತದೆ, ಮತ್ತು ಎಕ್ಸೆಲ್‌ನಲ್ಲಿ ಒಬ್ಬನೇ ಗ್ರಾಹಕನ ಹೆಸರು ನಾಲ್ಕು ಬಗೆಯಾಗಿ ಟೈಪ್ ಆಗಿರುತ್ತದೆ.

ಬೇಕಾದುದು ಇಷ್ಟೇ: ಗ್ರಾಹಕ, ಒಳಬಂದ ಡಿಸಿ, ಹೊರಹೋದ ಡಿಸಿ ಎಂಬ ಮೂರು ಟೇಬಲ್, ಒಳಬಂದ ಡಿಸಿಯ ಕೆಳಗೇ ಹೊರಹೋದ ಸಾಲುಗಳು ಕಾಣುವ ಫಾರ್ಮ್, ಬಾಕಿ ಹೇಳುವ ಕ್ವೆರಿ, ಲೆಟರ್‌ಹೆಡ್‌ನಲ್ಲಿ ಅಚ್ಚಾಗುವ ರಿಪೋರ್ಟ್. ಈ ನಾಲ್ಕನ್ನು ಯಾವ ಸಾಧನ ಎಷ್ಟು ಶ್ರಮದಲ್ಲಿ ಕೊಡುತ್ತದೆ ಎಂಬುದೇ ಮುಂದಿನ ಪ್ರಶ್ನೆ.

ಲಿಬ್ರೆಆಫೀಸ್ ಬೇಸ್

ಆಕ್ಸೆಸ್‌ಗೆ ಬದಲಿ ಎಂದಾಗ ಮೊದಲು ಕೇಳಿಬರುವ ಹೆಸರು ಇದು. 2005ರಲ್ಲಿ ಓಪನ್‌ಆಫೀಸ್ 2.0 ಜೊತೆಗೆ ಬಂದದ್ದು, 2010ರಲ್ಲಿ ಲಿಬ್ರೆಆಫೀಸ್ ಕವಲೊಡೆದಾಗ ಅದರೊಂದಿಗೆ ಬಂದಿತು. ಉಬುಂಟುವಿನಲ್ಲಿ ಬೇಸ್ ಪ್ರತ್ಯೇಕ ಪ್ಯಾಕೇಜ್ ಆಗಿರುವುದರಿಂದ ಮೆನುವಿನಲ್ಲಿ ಕಾಣದಿದ್ದರೆ ಗಾಬರಿಯಾಗದೆ ಸೇರಿಸಿಕೊಳ್ಳಬೇಕು.

ನಮ್ಮ ಉದಾಹರಣೆಯ ಫಾರ್ಮ್ ಇದರಲ್ಲಿ ನಿಜಕ್ಕೂ ಸಲೀಸಾಗಿ ಆಗುತ್ತದೆ. ಫಾರ್ಮ್ ವಿಝಾರ್ಡ್‌ನಲ್ಲಿ ಒಳಬಂದ ಡಿಸಿಯನ್ನು ಮುಖ್ಯ ಫಾರ್ಮ್ ಆಗಿ, ಹೊರಹೋದ ಡಿಸಿಯನ್ನು ಸಬ್‌ಫಾರ್ಮ್ ಆಗಿ ಆರಿಸಿ, ಎರಡನ್ನೂ ಡಿಸಿ ಕ್ರಮಸಂಖ್ಯೆಯಿಂದ ಜೋಡಿಸಿದರೆ ಅರ್ಧ ಕೆಲಸ ಮುಗಿಯಿತು. ಗ್ರಾಹಕನ ಹೆಸರಿನ ಜಾಗದಲ್ಲಿ ಲಿಸ್ಟ್ ಬಾಕ್ಸ್ ಹಾಕಿ ಗ್ರಾಹಕರ ಟೇಬಲ್‌ಗೆ ಕಟ್ಟಿದರೆ ನಾಲ್ಕು ಬಗೆಯ ಕಾಗುಣಿತದ ಕಾಟವೂ ತಪ್ಪುತ್ತದೆ. ಪ್ರತಿ ಟೇಬಲ್‌ಗೂ ಪ್ರೈಮರಿ ಕೀ, ಅಂದರೆ ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂ, ಇರಲೇಬೇಕು. ಇಲ್ಲದಿದ್ದರೆ ಟೇಬಲ್ ತೆರೆಯುತ್ತದೆ, ಸಾಲು ಸೇರಿಸಲು ಬಿಡುವುದಿಲ್ಲ, ಏಕೆಂದು ಸ್ಪಷ್ಟವಾಗಿ ಹೇಳುವುದೂ ಇಲ್ಲ.

ಬಾಕಿಯ ಕ್ವೆರಿಯಲ್ಲಿ ಹೊಸಬರೆಲ್ಲ ಎಡವುವ ಒಂದು ಜಾಗವಿದೆ. ಇನ್ನೂ ಒಂದು ಪೀಸೂ ಹಿಂತಿರುಗದ ಡಿಸಿಗೆ ಹೊರಹೋದ ಸಾಲೇ ಇರುವುದಿಲ್ಲ. ಸಾಮಾನ್ಯ ಜೋಡಣೆ ಬಳಸಿದರೆ ಆ ಡಿಸಿ ಪಟ್ಟಿಯಿಂದಲೇ ಮಾಯವಾಗುತ್ತದೆ. ಜೋಡಿ ಸಿಗದ ಸಾಲನ್ನೂ ಉಳಿಸಿಕೊಳ್ಳುವ ಲೆಫ್ಟ್ ಜಾಯಿನ್ ಬಳಸಿದರೆ ಡಿಸಿ ಕಾಣುತ್ತದೆ, ಆದರೆ ಬಾಕಿಯ ಜಾಗದಲ್ಲಿ 500 ಬರುವ ಬದಲು ಖಾಲಿ ಬರುತ್ತದೆ, ಏಕೆಂದರೆ ಇಲ್ಲದ ಮೌಲ್ಯವನ್ನು ಕಳೆದರೆ ಉತ್ತರವೂ ಇಲ್ಲವಾಗುತ್ತದೆ. ಹೊರಹೋದ ಮೊತ್ತಕ್ಕೆ ಕೋಅಲೆಸ್ (COALESCE) ಎಂಬ ಎಸ್‌ಕ್ಯೂಎಲ್ ಸೂತ್ರ ಹಾಕಿ, ಇಲ್ಲದಿದ್ದರೆ ಸೊನ್ನೆ ಎಂದು ತಿಳಿಸಬೇಕು. ಇದು ಬೇಸ್‌ನ ದೋಷವಲ್ಲ, ಎಲ್ಲ ಡೇಟಾಬೇಸ್‌ಗಳ ನಿಯಮ. ಆದರೂ ಅತ್ಯಂತ ಹೆಚ್ಚು ಬಾಕಿ ಇರುವ ಡಿಸಿಯೇ ಪಟ್ಟಿಯಲ್ಲಿ ಖಾಲಿ ಕಾಣುವುದು ಎಷ್ಟು ಅಪಾಯವೆಂದು ವಿವರಿಸಬೇಕಿಲ್ಲ.

ಬೇಸ್‌ನ ನಿಜವಾದ ದೌರ್ಬಲ್ಯ ಬೇರೆ. ಹೊಸ ಕಡತ ಮಾಡುವಾಗ ಅದು ತಾನಾಗಿ ಸೂಚಿಸುವ ವಿಧಾನದಲ್ಲಿ ಎಚ್‌ಎಸ್‌ಕ್ಯೂಎಲ್‌ಡಿಬಿ ಎಂಬ ಡೇಟಾಬೇಸ್ ಎಂಜಿನ್‌ನ 1.8 ಎಂಬ ಹಳೆಯ ಆವೃತ್ತಿ, ನಿಮ್ಮ ದತ್ತಾಂಶದ ಸಮೇತ, ಬೇಸ್‌ನ ಒಡಿಬಿ ಕಡತದ ಒಳಗೇ ಕೂರುತ್ತದೆ. ಅದಕ್ಕೆ ಜಾವಾ ಬೇಕು. ಒಡಿಬಿ ಎಂದರೆ ಒಂದು ಜಿಪ್ ಕಟ್ಟು. ಕಡತ ತೆರೆದಿರುವಾಗ ಕರೆಂಟ್ ಹೋದರೆ ಕಟ್ಟನ್ನು ಮತ್ತೆ ಸರಿಯಾಗಿ ಕಟ್ಟದೆಯೇ ಪ್ರೋಗ್ರಾಂ ಸತ್ತಿರುತ್ತದೆ, ಆ ದಿನದ ನಮೂದುಗಳು ಹೋಗಬಹುದು. ಇದರ ಬದಲಿಗೆ ತರಲು ಹೊರಟ ಫೈರ್‌ಬರ್ಡ್ ಎಂಜಿನ್ ವರ್ಷಗಳಿಂದ ಪ್ರಾಯೋಗಿಕ ಎಂಬ ಹಣೆಪಟ್ಟಿಯಲ್ಲೇ ಉಳಿದಿದೆ. ಆದ್ದರಿಂದ ಕಲಿಯಲು ಒಳಗಿನ ಎಂಜಿನ್ ಸಾಕು, ವ್ಯವಹಾರಕ್ಕೆ ಬೇಡ. ಒಂದು ಕಂಪ್ಯೂಟರ್‌ನಲ್ಲಿ ಮರಿಯಾಡಿಬಿಯನ್ನೋ ಪೋಸ್ಟ್‌ಗ್ರೆಸ್ಸನ್ನೋ ಸ್ಥಾಪಿಸಿ, ಬೇಸ್ ಅನ್ನು ಅದಕ್ಕೆ ಜೋಡಿಸಿದರೆ ಒಡಿಬಿಯಲ್ಲಿ ಉಳಿಯುವುದು ಫಾರ್ಮ್, ಕ್ವೆರಿ, ರಿಪೋರ್ಟ್ ಮಾತ್ರ. ಅದು ಕೆಟ್ಟರೆ ಹಿಂದಿನ ವಾರದ ಪ್ರತಿಯನ್ನು ತಂದಿಟ್ಟರಾಯಿತು, ಒಂದು ಡಿಸಿಯೂ ಕಳೆಯುವುದಿಲ್ಲ. ಹೀಗೆ ಜೋಡಿಸಿದಾಗ ಮೂರು ನಾಲ್ಕು ಜನ ಒಟ್ಟಿಗೆ ನಮೂದಿಸುವುದಕ್ಕೂ ಅಡ್ಡಿಯಿಲ್ಲ.

ರಿಪೋರ್ಟ್ ಬಿಲ್ಡರ್ ನಿಧಾನ ಮತ್ತು ಮುಂಗೋಪಿ. ಆದರೆ ಅದರ ಫಲಿತಾಂಶ ಲಿಬ್ರೆಆಫೀಸ್ ರೈಟರ್ ದಾಖಲೆಯಾಗಿ ಬರುವುದರಿಂದ ಕನ್ನಡದ ಒತ್ತಕ್ಷರಗಳು ಒಡೆಯದೆ ಅಚ್ಚಾಗುತ್ತವೆ ಮತ್ತು ಕೊನೆಯ ಕ್ಷಣದ ತಿದ್ದುಪಡಿಯನ್ನು ಕೈಯಲ್ಲೇ ಮಾಡಬಹುದು. ಆಕ್ಸೆಸ್‌ನಲ್ಲಿ ವಿಬಿಎ ಭಾಷೆಯಲ್ಲಿ ಬರೆದ ಮ್ಯಾಕ್ರೋಗಳು, ಅಂದರೆ ಕೆಲಸವನ್ನು ತಾನಾಗಿ ಮಾಡಿಸುವ ಕಿರುಪ್ರೋಗ್ರಾಂಗಳು, ಇಲ್ಲಿ ನಡೆಯುವುದಿಲ್ಲ. ಅವನ್ನು ಲಿಬ್ರೆಆಫೀಸ್ ಬೇಸಿಕ್‌ನಲ್ಲೋ ಪೈಥಾನ್‌ನಲ್ಲೋ ಹೊಸದಾಗಿ ಬರೆಯಬೇಕು, ಆ ಬರವಣಿಗೆ ಉದ್ದ. ಆದ್ದರಿಂದ ಮ್ಯಾಕ್ರೋ ಇಲ್ಲದೆ ಎಷ್ಟು ಸಾಗುತ್ತದೋ ಅಷ್ಟಕ್ಕೆ ತೃಪ್ತಿಪಡುವವರಿಗೆ ಮಾತ್ರ ಬೇಸ್ ಹಿತ.

ಕೆಕ್ಸಿ, ಗ್ರಿಸ್ಟ್

ಕೆಡಿಇ ಬಳಗದ ಕೆಕ್ಸಿ ನೋಟದಲ್ಲಿ ಆಕ್ಸೆಸ್‌ಗೆ ಬೇಸ್‌ಗಿಂತ ಹತ್ತಿರ. ದತ್ತಾಂಶವೂ ಫಾರ್ಮ್‌ಗಳೂ ಒಂದೇ ಎಸ್‌ಕ್ಯೂಲೈಟ್ ಕಡತದಲ್ಲಿರುತ್ತವೆ, ಜಾವಾದ ಗೋಜಿಲ್ಲ. ಆದರೆ 2019ರ 3.2 ಆವೃತ್ತಿಯ ನಂತರ ಅದರ ಬೆಳವಣಿಗೆ ತೀರಾ ಮಂದವಾಗಿದೆ. ಒಬ್ಬರ ಮನೆಯ ಪುಸ್ತಕಗಳ ಪಟ್ಟಿಗೆ ಚೆಂದ. ಹತ್ತು ವರ್ಷ ನಡೆಯಬೇಕಾದ ಲೆಕ್ಕವನ್ನು ಅದರ ಮೇಲೆ ನಿಲ್ಲಿಸಲು ನಾನು ಹೇಳಲಾರೆ.

ಗ್ರಿಸ್ಟ್ ಈ ಸಾಲಿಗೆ ಹೊಸಬ, ಮತ್ತು ಸ್ಪ್ರೆಡ್‌ಶೀಟ್‌ನಿಂದ ಬರುವವರಿಗೆ ಸದ್ಯ ಇದಕ್ಕಿಂತ ಸುಲಭವಾದ ದಾರಿ ಇಲ್ಲವೆಂದು ನನ್ನ ಅಭಿಪ್ರಾಯ. ಇದರ ತಿರುಳು ಅಪಾಚೆ 2.0 ಪರವಾನಗಿಯಲ್ಲಿದೆ, ಸರ್ವರ್ ಆಗಿಯೂ ಓಡುತ್ತದೆ, ಲಿನಕ್ಸ್‌ಗೆ ಡೆಸ್ಕ್‌ಟಾಪ್ ಆವೃತ್ತಿಯೂ ಇದೆ. ಕಡತ ಒಳಗಿಂದ ಎಸ್‌ಕ್ಯೂಲೈಟೇ ಆದ್ದರಿಂದ ನಾಳೆ ಗ್ರಿಸ್ಟ್ ಇಲ್ಲದಿದ್ದರೂ ದತ್ತಾಂಶವನ್ನು ಹೊರತೆಗೆಯಬಹುದು. ಒಂದೇ ಪುಟದಲ್ಲಿ ಎರಡು ಟೇಬಲ್ ಇಟ್ಟು ಜೋಡಿಸಿದರೆ, ಎಡಗಡೆ ಒಂದು ಡಿಸಿಯನ್ನು ಒತ್ತಿದ ಕೂಡಲೇ ಬಲಗಡೆ ಅದರ ಹೊರಹೋದ ಸಾಲುಗಳಷ್ಟೇ ಕಾಣುತ್ತವೆ. ಬಾಕಿಯನ್ನು ಕ್ವೆರಿಯ ಬದಲು ಒಂದು ಕಾಲಂ ಸೂತ್ರವಾಗಿ, ಪೈಥಾನ್ ರೀತಿಯಲ್ಲಿ, ಬರೆಯಬಹುದು. ಸೋಲುವುದು ಮುದ್ರಣದಲ್ಲಿ: ಪುಟಪುಟವಾಗಿ, ಪ್ರತಿ ಪುಟದ ಕೊನೆಗೆ ಮೊತ್ತ ತರುವ ರಿಪೋರ್ಟ್ ಬೇಕೆಂದರೆ ದತ್ತಾಂಶವನ್ನು ಲಿಬ್ರೆಆಫೀಸ್‌ನ ಲೆಕ್ಕದ ಹಾಳೆಯಾದ ಕ್ಯಾಲ್ಕ್‌ಗೆ ಇಳಿಸಿಕೊಂಡು ಮಾಡಬೇಕು. ಬೇಸ್‌ರೋ ಮತ್ತು ನೋಕೋಡಿಬಿ ಇದೇ ಜಾತಿಯವು. ಅವು ಡೆಸ್ಕ್‌ಟಾಪ್‌ಗಿಂತ ಸರ್ವರ್‌ನಲ್ಲಿ ಕೂರಬೇಕಾದವು, ಮತ್ತು ಯಾವ ಸೌಲಭ್ಯ ಮುಕ್ತ, ಯಾವುದು ಹಣದ ಆವೃತ್ತಿಗೆ ಮೀಸಲು ಎಂಬುದನ್ನು ಹಾಕಿಕೊಳ್ಳುವ ಮೊದಲೇ ಓದಿಕೊಳ್ಳುವುದು ಒಳ್ಳೆಯದು.

ಪ್ರೋಗ್ರಾಂ ಬರೆಯಲು ಅಂಜದವರಿಗೆ

ಹಿಂದೆ ವಿಬಿ 6 (ವಿಶುವಲ್ ಬೇಸಿಕ್) ಅಥವಾ ಫಾಕ್ಸ್‌ಪ್ರೊದಲ್ಲಿ ಕೈ ಪಳಗಿಸಿಕೊಂಡವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಎರಡು ದಾರಿ. ಗ್ಯಾಂಬಸ್ ಬೇಸಿಕ್ ಭಾಷೆಯದು, ವಿಬಿಯ ವಾತಾವರಣವನ್ನೇ ಲಿನಕ್ಸ್‌ನಲ್ಲಿ ಕೊಡುತ್ತದೆ, ಆದರೆ ವಿಂಡೋಸ್‌ನಲ್ಲಿ ನೇರವಾಗಿ ಓಡುವುದಿಲ್ಲ. ಲಾಜರಸ್ ಪಾಸ್ಕಲ್ ಭಾಷೆಯದು, ಡೆಲ್ಫಿಯ ಜಾಡಿನಲ್ಲಿ ಸಾಗುತ್ತದೆ. ಫಾರ್ಮ್ ಮೇಲೆ ಡಿಬಿಗ್ರಿಡ್ ಎಂಬ ಸಾಲುಗಳ ಚೌಕವನ್ನು ಎಳೆದು ಬಿಟ್ಟು, ಅದನ್ನು ಡೇಟಾಸೋರ್ಸ್‌ಗೆ, ಅದನ್ನು ಕ್ವೆರಿಗೆ ಕಟ್ಟಿದರೆ ವಿನ್ಯಾಸದ ಹಂತದಲ್ಲೇ ನಿಜವಾದ ಸಾಲುಗಳು ಕಣ್ಣಿಗೆ ಬೀಳುತ್ತವೆ. ಕೊನೆಗೆ ಸಿಗುವುದು ಹಳೆಯ ಯಂತ್ರದಲ್ಲೂ ಚುರುಕಾಗಿ ಓಡುವ ಒಂದು ಪ್ರೋಗ್ರಾಂ. ಅದೇ ಮೂಲದಿಂದ ವಿಂಡೋಸ್‌ಗೂ ಲಿನಕ್ಸ್‌ಗೂ ಕಟ್ಟಬಹುದಾದ್ದರಿಂದ, ಅರ್ಧ ಕಚೇರಿ ಇನ್ನೂ ವಿಂಡೋಸ್‌ನಲ್ಲಿರುವ ಕಾಲಕ್ಕೆ ಇದು ಹೇಳಿ ಮಾಡಿಸಿದ್ದು. ಪಾಸ್ಕಲ್ ಬಲ್ಲ ಹುಡುಗರು ಇಂದು ಸಿಗುವುದು ಕಷ್ಟ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪೈಥಾನ್ ಬಲ್ಲವರು ಬೆಂಗಳೂರಿನಲ್ಲಿ ಸಿಗದ ಬಡಾವಣೆ ಇಲ್ಲ. ಆ ಒಂದೇ ಕಾರಣಕ್ಕೆ ಪೈಥಾನ್‌ನ ವೆಬ್ ಚೌಕಟ್ಟಾದ ಜ್ಯಾಂಗೋವನ್ನು ಈ ಹೋಲಿಕೆಗೆ ಸೇರಿಸಬೇಕು. ಅದರ ಅಡ್ಮಿನ್ ಭಾಗ ಹುಟ್ಟಿದ್ದೇ ಅಮೆರಿಕದ ಲಾರೆನ್ಸ್ ಪಟ್ಟಣದ ಒಂದು ದಿನಪತ್ರಿಕೆಯ ಕಚೇರಿಯಲ್ಲಿ, ಪ್ರೋಗ್ರಾಂ ಬಾರದ ಸುದ್ದಿಮನೆಯವರು ಮಾಹಿತಿ ತುಂಬಲೆಂದು. ಮೂರು ಟೇಬಲ್‌ಗಳನ್ನು ಮೂವತ್ತು ನಲವತ್ತು ಸಾಲುಗಳಲ್ಲಿ ವಿವರಿಸಿದರೆ ನಮೂದಿನ ಪುಟ, ಹುಡುಕಾಟ, ಫಿಲ್ಟರ್, ಬಳಕೆದಾರರ ಅನುಮತಿ ಎಲ್ಲವೂ ತಾವಾಗಿ ಬರುತ್ತವೆ. ಹೊರಹೋದ ಡಿಸಿಯನ್ನು ಇನ್‌ಲೈನ್ ಎಂದು ಸೂಚಿಸಿದರೆ ಸಬ್‌ಫಾರ್ಮ್ ಕೂಡ ಸಿದ್ಧ. ಯಾರು ಯಾವ ದಾಖಲೆಯನ್ನು ಯಾವಾಗ ತಿದ್ದಿದರೆಂಬ ಇತಿಹಾಸವೂ ಉಳಿಯುತ್ತದೆ. ಆಕ್ಸೆಸ್‌ನಲ್ಲಿ ಇದನ್ನು ನಾವೇ ಕಟ್ಟಿಕೊಳ್ಳಬೇಕಿತ್ತು. ಕಚೇರಿಯ ಒಂದು ಯಂತ್ರದಲ್ಲಿ ಅದು ಓಡುತ್ತಿದ್ದರೆ ಉಳಿದವರಿಗೆ ಬ್ರೌಸರ್ ಸಾಕು. ಮುದ್ರಣವನ್ನು ಮಾತ್ರ ಬರೆದೇ ತೀರಬೇಕು.

ಫ್ರಾಪೆ ಒಂದು ಹೆಜ್ಜೆ ಮುಂದೆ. ಮುಂಬೈಯಲ್ಲಿ ಇಆರ್‌ಪಿನೆಕ್ಸ್ಟ್ ಎಂಬ ವ್ಯವಹಾರ ನಿರ್ವಹಣೆಯ ತಂತ್ರಾಂಶ ಕಟ್ಟುತ್ತಾ ಬೆಳೆದ ಈ ಚೌಕಟ್ಟಿನಲ್ಲಿ ಡಾಕ್‌ಟೈಪ್ ಎಂಬುದನ್ನು, ಅಂದರೆ ಟೇಬಲ್ ಮತ್ತು ಅದರ ಫಾರ್ಮ್ ಎರಡನ್ನೂ, ಬ್ರೌಸರ್‌ನಲ್ಲೇ ವಿನ್ಯಾಸ ಮಾಡಬಹುದು, ಸಾಲುಸಾಲಾಗಿ ಉಪಟೇಬಲ್ ಸೇರಿಸಬಹುದು, ಮತ್ತು ಪ್ರಿಂಟ್ ಫಾರ್ಮ್ಯಾಟ್ ಎಂಬ ಸೌಲಭ್ಯದಿಂದ ಲೆಟರ್‌ಹೆಡ್ ಸಮೇತ ಮುದ್ರಿಸಬಹುದು. ಆಕ್ಸೆಸ್ ಕೊಡುತ್ತಿದ್ದ ನಾಲ್ಕೂ ಅಂಗಗಳು ಇಲ್ಲಿ ಇವೆ ಎನ್ನಬೇಕು. ಅದರ ಬೆಲೆ ಸ್ಥಾಪನೆಯಲ್ಲಿದೆ: ಮರಿಯಾಡಿಬಿ, ರೆಡಿಸ್, ನೋಡ್, ಪೈಥಾನ್ ಇಷ್ಟನ್ನೂ ಕೂಡಿಸಿ ನಿಲ್ಲಿಸಿ ಕಾಲಕಾಲಕ್ಕೆ ನವೀಕರಿಸಬೇಕು. ಮೂರು ಟೇಬಲ್‌ಗೆ ಇಷ್ಟು ಸರಂಜಾಮು ಅತಿಯಾಯಿತು. ಮೂವತ್ತು ಟೇಬಲ್ ಆಗುವ ಸೂಚನೆ ಇದ್ದರೆ ಇದೇ ಸರಿ.

ಕನ್ನಡದ ದತ್ತಾಂಶ ಇದ್ದರೆ

ಈ ಭಾಗವನ್ನು ಹೋಲಿಕೆಯ ಲೇಖನಗಳು ಸಾಮಾನ್ಯವಾಗಿ ಮುಟ್ಟುವುದೇ ಇಲ್ಲ. ಎಸ್‌ಕ್ಯೂಲೈಟ್ ತಾನಾಗಿ ಅಕ್ಷರಗಳನ್ನು ಯುನಿಕೋಡ್ ಸಂಖ್ಯೆಯ ಕ್ರಮದಲ್ಲಿ ಜೋಡಿಸುತ್ತದೆ. ಯುನಿಕೋಡ್‌ನಲ್ಲಿ ‘ಳ’ ಇರುವುದು ‘ಲ’ ಮತ್ತು ‘ವ’ಗಳ ನಡುವೆ, ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ದ ನಂತರ. ಹೀಗಾಗಿ ಕವಿತಾ ಎಂಬ ಹೆಸರಿಗಿಂತ ಕಳಸಪ್ಪ ಮೊದಲು ಬಂದು ಕೂರುತ್ತಾನೆ. ಪೋಸ್ಟ್‌ಗ್ರೆಸ್‌ನ 10ನೇ ಆವೃತ್ತಿಯಿಂದ ಐಸಿಯು ಎಂಬ ಯುನಿಕೋಡ್ ಲೈಬ್ರರಿಯ ಅನುಕ್ರಮ ದೊರೆಯುವುದರಿಂದ, ಕಾಲಂಗೆ ಕನ್ನಡದ ಕೊಲೇಶನ್ (ಅಕ್ಷರ ಜೋಡಿಸುವ ಕ್ರಮ) ಕೊಟ್ಟರೆ ಹೆಸರುಗಳು ನಿಘಂಟಿನ ಕ್ರಮದಲ್ಲಿ ಬರುತ್ತವೆ. ಸದಸ್ಯರ ಪಟ್ಟಿಯನ್ನು ಕನ್ನಡದಲ್ಲಿ ಮುದ್ರಿಸುವ ಸಂಘಗಳು, ಸಹಕಾರಿಗಳು ಇದೊಂದೇ ಕಾರಣಕ್ಕೂ ಪೋಸ್ಟ್‌ಗ್ರೆಸ್ ಆರಿಸಿದರೆ ತಪ್ಪಿಲ್ಲ.

ಹುಡುಕಾಟದಲ್ಲಿ ಇನ್ನೊಂದು ಸಮಸ್ಯೆ ಇದೆ. ರಾಜ್‌ಕುಮಾರ್ ಎಂದು ಬರೆಯುವಾಗ ‘ಜ್’ ಬಿಡಿಯಾಗಿ ನಿಲ್ಲಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರುತ್ತದೆ. ಒಬ್ಬರು ಅದನ್ನು ಹಾಕುತ್ತಾರೆ, ಇನ್ನೊಬ್ಬರು ಹಾಕದೆ ಒತ್ತಕ್ಷರವಾಗಿ ಬರೆಯುತ್ತಾರೆ. ಯಂತ್ರಕ್ಕೆ ಅವು ಇಬ್ಬರು ಬೇರೆ ಬೇರೆ ಗ್ರಾಹಕರು. ಹೆಸರನ್ನು ಬರೆದಂತೆಯೇ ಉಳಿಸಿ, ಆ ಕಾಣದ ಅಕ್ಷರಗಳನ್ನು ತೆಗೆದ ಇನ್ನೊಂದು ಕಾಲಂ ಇಟ್ಟು ಅದರಲ್ಲಿ ಹುಡುಕುವುದು ನೆಮ್ಮದಿ. ಜ್ಯಾಂಗೋ, ಫ್ರಾಪೆ, ಗ್ರಿಸ್ಟ್‌ಗಳಲ್ಲಿ ಇದು ಎರಡು ಸಾಲಿನ ಕೆಲಸ. ಬೇಸ್‌ನಲ್ಲಿ ಡೇಟಾಬೇಸ್‌ನ ಬದಿಯಲ್ಲಿ, ಸಾಲು ಬದಲಾದಾಗ ತಾನಾಗಿ ಓಡುವ ಟ್ರಿಗರ್ ಬರೆಯಬೇಕಾಗುತ್ತದೆ. ಟೈಪಿಂಗ್ ಬಗ್ಗೆ ಚಿಂತೆ ಬೇಡ. ನುಡಿಯಲ್ಲಿ ರೂಢಿಯಾದ ಕಗಪ ಕೀಲಿವಿನ್ಯಾಸ ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲೇ ಇದೆ.

ಯಾರಿಗೆ ಯಾವುದು

ಒಬ್ಬರೇ ಬಳಸುವ, ಮುದ್ರಣ ಹೆಚ್ಚಿಲ್ಲದ ಲೆಕ್ಕಕ್ಕೆ ಗ್ರಿಸ್ಟ್. ಪ್ರೋಗ್ರಾಂ ಬರೆಯುವವರಾರೂ ಇಲ್ಲದ, ಆದರೆ ಕಾಗದದ ಮೇಲೆ ರಿಪೋರ್ಟ್ ಬೇಕೇಬೇಕಾದ ಕಚೇರಿಗೆ ಹೊರಗಿನ ಪೋಸ್ಟ್‌ಗ್ರೆಸ್‌ಗೋ ಮರಿಯಾಡಿಬಿಗೋ ಜೋಡಿಸಿದ ಬೇಸ್. ಪೀಣ್ಯದ ನಮ್ಮ ಮೆಷಿನ್ ಶಾಪ್‌ನಲ್ಲಿ ಗೇಟಿನಲ್ಲೊಬ್ಬರು, ಸ್ಟೋರ್‌ನಲ್ಲೊಬ್ಬರು, ಆಫೀಸಿನಲ್ಲೊಬ್ಬರು ನಮೂದಿಸುವವರಿದ್ದು, ಪೈಥಾನ್ ಬಲ್ಲ ಒಬ್ಬರು ತಿಂಗಳಿಗೊಮ್ಮೆಯಾದರೂ ಬಂದು ಹೋಗುವಂತಿದ್ದರೆ ಜ್ಯಾಂಗೋ ಮತ್ತು ಪೋಸ್ಟ್‌ಗ್ರೆಸ್ ನನ್ನ ಆಯ್ಕೆ. ಬಾಕಿ ಪಟ್ಟಿಯ ಮುದ್ರಣಕ್ಕೆ ಅದೇ ಪೋಸ್ಟ್‌ಗ್ರೆಸ್‌ಗೆ ಬೇಸ್ ಅನ್ನೂ ಜೋಡಿಸಿಕೊಳ್ಳಬಹುದು. ಎರಡು ಸಾಧನಗಳು ಒಂದೇ ದತ್ತಾಂಶವನ್ನು ನೋಡುವುದರಲ್ಲಿ ತಪ್ಪೇನೂ ಇಲ್ಲ, ಬೇಸ್‌ಗೆ ಓದುವ ಅನುಮತಿಯನ್ನಷ್ಟೇ ಕೊಟ್ಟರಾಯಿತು. ಎಸ್‌ಕ್ಯೂಲೈಟ್ ಕಡತವನ್ನು ಮಾತ್ರ ನೆಟ್‌ವರ್ಕ್ ಫೋಲ್ಡರ್‌ನಲ್ಲಿಟ್ಟು ಹಲವರು ತೆರೆಯುವ ಏರ್ಪಾಡು ಮಾಡಿಕೊಳ್ಳಬಾರದು, ಅಲ್ಲಿ ಕಡತದ ಬೀಗ ನಂಬಿಕೆಗೆ ಅರ್ಹವಲ್ಲ.

ಗ್ರಂಥಾಲಯ ನಡೆಸುವವರು ಇವಾವುದನ್ನೂ ಹಿಡಿಯಬೇಕಿಲ್ಲ. ಕೋಹಾ ಎಂಬ ಸಿದ್ಧ ಮುಕ್ತ ತಂತ್ರಾಂಶ 2000ನೇ ಇಸವಿಯಿಂದ ಬಳಕೆಯಲ್ಲಿದೆ. ಸಿದ್ಧವಾದುದು ಸಿಗುವಾಗ ಕಟ್ಟಲು ಹೊರಡುವುದು ನಮ್ಮ ಊರಿನ ತಂತ್ರಜ್ಞರ ಹಳೆಯ ಚಟ.

ಹಳೆಯ ಎಂಡಿಬಿಯನ್ನು ತೆರೆಯುವುದು

ಎಂಡಿಬಿ ಟೂಲ್ಸ್ ಎಂಬ ಪ್ಯಾಕೇಜ್ ಲಿನಕ್ಸ್‌ನಲ್ಲೇ ಆ ಕಡತದ ಟೇಬಲ್‌ಗಳನ್ನು ಪಟ್ಟಿ ಮಾಡಿ, ಒಂದೊಂದನ್ನೂ ಸಿಎಸ್‌ವಿಯಾಗಿ, ಅಂದರೆ ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯವಾಗಿ, ಹೊರತೆಗೆಯುತ್ತದೆ. ಫಾರ್ಮ್, ರಿಪೋರ್ಟ್, ವಿಬಿಎ ಬರುವುದಿಲ್ಲ, ಆದ್ದರಿಂದ ವಿಂಡೋಸ್ ಯಂತ್ರವನ್ನು ಅಳಿಸುವ ಮೊದಲು ಪ್ರತಿ ಫಾರ್ಮ್‌ನ ಸ್ಕ್ರೀನ್‌ಶಾಟ್ ಮತ್ತು ಪ್ರತಿ ಕ್ವೆರಿಯ ಎಸ್‌ಕ್ಯೂಎಲ್ ಪಠ್ಯವನ್ನು ತೆಗೆದಿಟ್ಟುಕೊಳ್ಳಬೇಕು. ದಿನಾಂಕಗಳಲ್ಲಿ ತಿಂಗಳು ಮೊದಲೋ ದಿನ ಮೊದಲೋ ಎಂಬುದನ್ನು 12ಕ್ಕಿಂತ ದೊಡ್ಡ ದಿನವಿರುವ ಸಾಲಿನಲ್ಲಿ ಪರೀಕ್ಷಿಸಬೇಕು. ಹಳೆಯ ಕನ್ನಡ ಹೆಸರುಗಳು ಯುನಿಕೋಡ್‌ಗೆ ಮುಂಚಿನ ನುಡಿ ಅಥವಾ ಬರಹ ಫಾಂಟ್‌ಗಳಲ್ಲಿದ್ದರೆ ಸಿಎಸ್‌ವಿಯಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳಿವೆ, ಆದರೆ ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿಟ್ಟು ನೋಡಬೇಕು. ಹಳೆಯ ಫಾಂಟ್‌ಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ದಾಖಲಾಗುತ್ತದೆ, ಯುನಿಕೋಡ್‌ನಲ್ಲಿ ‘ರ್’ ಮೊದಲು ಬರುತ್ತದೆ. ಪರಿವರ್ತಕ ಎಡವಿದರೆ ಶರ್ಮ, ಕೀರ್ತಿ, ಪಾರ್ವತಿಯಂಥ ಹೆಸರುಗಳೇ ಮೊದಲು ಕೆಡುತ್ತವೆ. ಗ್ರಾಹಕರ ಟೇಬಲ್‌ನಲ್ಲಿ ಇವನ್ನು ಹುಡುಕಿ ತಿದ್ದಿದ ನಂತರವೇ ಡಿಸಿಗಳನ್ನು ಒಳಗೆ ತರುವುದು ಸರಿಯಾದ ಕ್ರಮ.